ಕುಂಡಲಿನಿಗೆ ಡೋಪಮಿನ್ ಅಂಗಿ

ಯೋಗ ಕೇಂದ್ರಗಳ ಗೋಡೆಗಳ ಮೇಲೆ ಬಣ್ಣಬಣ್ಣದ ಪಟವೊಂದು ಈಗ ಸಾಮಾನ್ಯ ದೃಶ್ಯ. ಚಕ್ರಕ್ಕೊಂದು ಗ್ರಂಥಿ, ಗ್ರಂಥಿಗೊಂದು ರಾಸಾಯನಿಕ, ರಾಸಾಯನಿಕಕ್ಕೊಂದು ಭಾವನೆ. ಮದ್ಯ, ಗಾಂಜಾ, ಅಫೀಮುಗಳ ಚಟವೆಂದರೆ ಪ್ರಾಣಶಕ್ತಿಯ ಹರಿವಿಗೆ ಬಿದ್ದ ತಡೆ ಎಂಬುದು ಅದರ ತಾತ್ಪರ್ಯ. ಈ ಪಟವನ್ನು ಋಷಿಗಳ ಕಾಲದ ಜ್ಞಾನವೆಂದು ನಂಬಿ ಮಕ್ಕಳಿಗೆ ತೋರಿಸುವ ವಲಸಿಗ ಕನ್ನಡಿಗರಿಗೆ ಕೊರತೆಯಿಲ್ಲ. ಆದರೆ ಚಕ್ರಗಳನ್ನು ಶರೀರಶಾಸ್ತ್ರಕ್ಕೆ ಹೊಂದಿಸುವ ಈ ಅಭ್ಯಾಸಕ್ಕೆ ನೂರೈವತ್ತು ವರ್ಷದ ವಯಸ್ಸೂ ಸರಿಯಾಗಿ ಆಗಿಲ್ಲ.

ದಯಾನಂದ ಸರಸ್ವತಿಯವರು ಆತ್ಮಕಥನದಲ್ಲಿ ಹೇಳಿಕೊಂಡ ಪ್ರಸಂಗವೊಂದಿದೆ. ನದಿಯಲ್ಲಿ ತೇಲಿಬಂದ ಶವವನ್ನು ದಡಕ್ಕೆಳೆದು, ಚಾಕುವಿನಿಂದ ಸೀಳಿ, ಕೈಯಲ್ಲಿದ್ದ ಹಠಯೋಗದ ಗ್ರಂಥಗಳ ವರ್ಣನೆಯೊಡನೆ ಹೋಲಿಸಿ ನೋಡಿದರು. ಚಕ್ರವೂ ಸಿಗಲಿಲ್ಲ, ಕಮಲವೂ ಸಿಗಲಿಲ್ಲ. ಗ್ರಂಥಗಳನ್ನು ಹರಿದು ಶವದೊಂದಿಗೇ ನದಿಗೆಸೆದರು. ಅವರ ಪ್ರಾಮಾಣಿಕತೆ ದೊಡ್ಡದು. ಹುಡುಕಿದ ಜಾಗ ಮಾತ್ರ ಸರಿಯಿರಲಿಲ್ಲ. ತಾಂತ್ರಿಕ ಪಠ್ಯಗಳ ಚಕ್ರಗಳು ಸಾಧಕ ಧ್ಯಾನದಲ್ಲಿ ಕಟ್ಟಿಕೊಳ್ಳುವ ಆಕೃತಿಗಳು, ಅಕ್ಷರ ಮತ್ತು ದೇವತೆಗಳ ಸ್ಥಾನಗಳು. ಅವು ಮಾಂಸದೊಳಗಿನ ವಸ್ತುಗಳಲ್ಲ. ಜಾನ್ ವುಡ್ರೋಫ್ 1919ರಲ್ಲಿ ಷಟ್‌ಚಕ್ರ ನಿರೂಪಣೆಯನ್ನು ಇಂಗ್ಲಿಷಿಗೆ ತಂದ ಮೇಲೆ ಹೊಂದಾಣಿಕೆಯ ಉತ್ಸಾಹ ಹೆಚ್ಚಿತು. 1927ರಲ್ಲಿ ಮುಂಬಯಿಯ ವೈದ್ಯ ವಸಂತ ರೇಳೆ ಕುಂಡಲಿನಿ ಎಂದರೆ ವೇಗಸ್ ನರವೇ ಎಂದು ಬರೆದರು. ಆಳುವವರ ವಿಜ್ಞಾನದ ಎದುರು ತನ್ನದನ್ನು ಸಮರ್ಥಿಸಿಕೊಳ್ಳಬೇಕಾದ ವಸಾಹತು ಕಾಲದ ಆ ಸಂಕಟ ಅರ್ಥವಾಗುವಂಥದ್ದು. ಸ್ವತಂತ್ರ ದೇಶದಿಂದ ಬಂದು ಸಿರಿವಂತ ದೇಶದಲ್ಲಿ ನೆಲೆಸಿದವರಿಗೂ ಅದೇ ಸಂಕಟ ಉಳಿದಿರುವುದೇಕೆ?

ಇನ್ನು ಡೋಪಮಿನ್. ಅದು ಸುಖದ ರಾಸಾಯನಿಕವೆಂಬುದು ಪಟದ ಮಾತು, ಪ್ರಯೋಗಾಲಯದ ಮಾತಲ್ಲ. ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಕಂಡದ್ದು ಬೇರೆ: ನಿರೀಕ್ಷಿಸದೆ ಹಣ್ಣಿನ ರಸ ಸಿಕ್ಕಾಗ ಡೋಪಮಿನ್ ನರಕೋಶಗಳು ಮಿಡಿಯುತ್ತವೆ, ರಸದ ಮುನ್ಸೂಚನೆ ರೂಢಿಯಾದ ಮೇಲೆ ಮಿಡಿತ ಆ ಸೂಚನೆಗೆ ದಾಟುತ್ತದೆ, ರಸಕ್ಕಲ್ಲ. ಮಿಶಿಗನ್‌ನ ಕೆಂಟ್ ಬೆರಿಡ್ಜ್ ಡೋಪಮಿನ್ ಕಳೆದುಕೊಂಡ ಇಲಿಗಳೂ ಸಿಹಿಯನ್ನು ಚಪ್ಪರಿಸುತ್ತವೆಂದು ತೋರಿಸಿದರು. ಬಯಸುವುದು ಬೇರೆ, ಸವಿಯುವುದು ಬೇರೆ. ಚಟ ಬಲಿತಂತೆ ಸವಿ ಕುಗ್ಗುತ್ತದೆ, ಬಯಕೆ ಹಿಗ್ಗುತ್ತದೆ. ಬಾಟಲಿಯ ಸದ್ದು, ಹಳೆಯ ಬೀದಿಯ ತಿರುವು, ಸಂಬಳದ ದಿನ, ಯಾವುದು ಬೇಕಾದರೂ ಅದನ್ನು ಕೆರಳಿಸಬಲ್ಲದು. ಕನ್ನಡದ ‘ವ್ಯಸನ’ ಚಟಕ್ಕೂ ದುಃಖಕ್ಕೂ ಒಂದೇ ಪದ. ಯಾವ ಚಕ್ರಪಟಕ್ಕಿಂತಲೂ ಈ ಪದವೇ ನಿಜಕ್ಕೆ ಹತ್ತಿರವಿದೆ.

ಪೂರ್ವದ ಶಕ್ತಿ ಪರಿಕಲ್ಪನೆ ವ್ಯಸನ ಚಿಕಿತ್ಸೆಯನ್ನು ನಿಜವಾಗಿ ಮುಟ್ಟಿದ ಒಂದು ಕಥೆ ನ್ಯೂಯಾರ್ಕಿನದು. 1970ರ ಜುಲೈನಲ್ಲಿ ಪೋರ್ಟೊರಿಕನ್ ಯುವಕರ ಯಂಗ್ ಲಾರ್ಡ್ಸ್ ಸಂಘಟನೆ ದಕ್ಷಿಣ ಬ್ರಾಂಕ್ಸಿನ ಶಿಥಿಲ ಲಿಂಕನ್ ಆಸ್ಪತ್ರೆಯನ್ನು ಆಕ್ರಮಿಸಿತು. ಅದೇ ವರ್ಷದ ಕೊನೆಗೆ ಬ್ಲ್ಯಾಕ್ ಪ್ಯಾಂಥರ್ ಕಾರ್ಯಕರ್ತರೊಂದಿಗೆ ಸೇರಿ ಅಲ್ಲಿ ಹೆರಾಯಿನ್ ಬಿಡಿಸುವ ಕೇಂದ್ರ ತೆರೆದರು. ಸೂಜಿ ಮತ್ತು ವಿದ್ಯುತ್ತಿನ ಚಿಕಿತ್ಸೆಯಿಂದ ಅಫೀಮು ಬಿಟ್ಟವರ ನರಳಾಟ ತಗ್ಗುತ್ತದೆಂದು ಹಾಂಗ್‌ಕಾಂಗಿನ ವೈದ್ಯ ಎಚ್. ಎಲ್. ವೆನ್ ವರದಿ ಮಾಡಿದಾಗ, ಕಿವಿಗೆ ಸೂಜಿ ಚುಚ್ಚುವ ವಿದ್ಯೆಯನ್ನು ತಾವೇ ಕಲಿತರು. ಸೂಜಿಯ ಜೊತೆಗೆ ರಾಜಕೀಯ ಶಿಕ್ಷಣ, ಮನೆ ಬಾಡಿಗೆಯ ಜಗಳಕ್ಕೆ ನೆರವು, ಕೇಳುವ ಕಿವಿಗಳು. 1978ರಲ್ಲಿ ನಗರಾಡಳಿತ ಪೊಲೀಸರನ್ನು ಕಳಿಸಿ ಅವರನ್ನು ಹೊರಹಾಕಿತು.

ಅದೇ ದಶಕದಲ್ಲಿ ಮಿದುಳು ತನ್ನದೇ ಅಫೀಮನ್ನು ತಯಾರಿಸುತ್ತದೆಂದು ತಿಳಿದುಬಂತು. 1975ರಲ್ಲಿ ಅಬರ್ಡೀನ್‌ನ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಸ್ ಎನ್ಕೆಫಲಿನ್ ಗುರುತಿಸಿದರು. ಅಫೀಮಿನ ಪರಿಣಾಮವನ್ನು ತಡೆಯುವ ನಾಲಾಕ್ಸೋನ್ ಕೊಟ್ಟರೆ ಸೂಜಿಯ ನೋವುಶಮನವೂ ಕುಗ್ಗುತ್ತದೆಂಬ ವರದಿಗಳು ಬಂದಾಗ ‘ಚೀ’ ಕೊನೆಗೂ ಸಿಕ್ಕಿತೆಂಬ ಸಂಭ್ರಮವೆದ್ದಿತು. 1978ರಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ಹಲ್ಲು ಕೀಳಿಸಿಕೊಂಡವರಿಗೆ ಬರಿಯ ಹುಸಿಮದ್ದು ಕೊಟ್ಟು ನೋಡಿದರು. ಅದರಿಂದ ನೋವು ಇಳಿದವರಲ್ಲೂ ನಾಲಾಕ್ಸೋನ್ ನೋವನ್ನು ಮರಳಿ ತಂದಿತು. ಭರವಸೆಗೂ ಆರೈಕೆಗೂ ಮಿದುಳಿನಲ್ಲಿ ರಾಸಾಯನಿಕವಾದ ಉತ್ತರವಿದೆ ಎಂದಾಯಿತು. ಅದಕ್ಕೆ ನಾಡಿಗಳ ನಕ್ಷೆ ಬೇಕಿಲ್ಲ. 2002ರಲ್ಲಿ ಪ್ರಕಟವಾದ, 620 ಕೊಕೇನ್ ವ್ಯಸನಿಗಳ ಅಧ್ಯಯನದಲ್ಲಿ ಸರಿಯಾದ ಬಿಂದುಗಳಿಗೆ ಸೂಜಿ, ತಪ್ಪು ಬಿಂದುಗಳಿಗೆ ಸೂಜಿ, ಬರಿಯ ವಿಶ್ರಾಂತಿ ಮೂರರಲ್ಲೂ ಬಳಕೆ ಇಳಿಯಿತು. ಮೂರರ ನಡುವೆ ವ್ಯತ್ಯಾಸವಿರಲಿಲ್ಲ.

ಪ್ರಗತಿಪರರು ಲಿಂಕನ್ ಕಥೆಯನ್ನು ಅಭಿಮಾನದಿಂದ ಹೇಳುವಾಗ ಒಂದು ಅಧ್ಯಾಯವನ್ನು ಹಾರಿಸಿಬಿಡುತ್ತಾರೆ. ಆ ಕಾರ್ಯಕರ್ತರು ಮೆಥಡೋನನ್ನು ಬಡವರನ್ನು ಹಿಡಿದಿಡುವ ಪ್ರಭುತ್ವದ ಅಸ್ತ್ರವೆಂದು ತಿರಸ್ಕರಿಸಿದರು. ಶಂಕೆಗೆ ಕಾರಣಗಳಿದ್ದವು, ತೀರ್ಮಾನ ತಪ್ಪಾಗಿತ್ತು. ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಪಡೆಯುವವರಲ್ಲಿ ಸಾವಿನ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. 2005ರಿಂದ ಇವೆರಡೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ‘ಒಂದು ಚಟ ಬಿಡಿಸಲು ಇನ್ನೊಂದು ಚಟವೇ’ ಎಂದು ಮಗನ ಮಾತ್ರೆ ನಿಲ್ಲಿಸಿ ಆಶ್ರಮಕ್ಕೆ ಕಳಿಸುವ ತಂದೆತಾಯಿಗೆ ಈ ಸಂಗತಿ ಗೊತ್ತಿರುವುದಿಲ್ಲ. ಕೆಲವು ವಾರ ದೂರವಿದ್ದ ದೇಹ ಹಳೆಯ ಪ್ರಮಾಣವನ್ನು ತಡೆಯಲಾರದು. ಮರಳಿ ಬಂದು ಅದೇ ಅಳತೆ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಪ್ರಾಣಾಯಾಮದಿಂದ ಮನಸ್ಸು ಶಾಂತವಾದರೆ ಮಾಡಲಿ, ಬೇಡವೆನ್ನುವವರಾರು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಯೋಗದ ವಿಭಾಗವೂ ಇದೆ, ವ್ಯಸನ ಚಿಕಿತ್ಸೆಯ ಕೇಂದ್ರವೂ ಇದೆ.

ಅಮೆರಿಕದಲ್ಲಿ 2021ರಲ್ಲಿ ಮಾದಕ ವಸ್ತುಗಳ ಅತಿಸೇವನೆಯಿಂದ 1 ಲಕ್ಷಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಫೆಂಟನಿಲ್‌ನಿಂದ. ಅವರಲ್ಲಿ ‘ನಮ್ಮವರು’ ಇಲ್ಲವೆಂಬುದು ಕನ್ನಡ ಸಂಘಗಳ ಮೌನ ನಂಬಿಕೆ. ಮಕ್ಕಳು ಹೃದಯಾಘಾತದಿಂದ ತೀರಿಕೊಂಡರೆಂದು ಹೇಳುವ ಮನೆಗಳಲ್ಲಿ ಆ ನಂಬಿಕೆ ಸುರಕ್ಷಿತವಾಗಿದೆ. ಉಸಿರು ನಿಲ್ಲುತ್ತಿರುವವನನ್ನು ಮರಳಿ ತರುವ ನಾಲಾಕ್ಸೋನ್ ಮೂಗಿನ ಸ್ಪ್ರೇ 2023ರಿಂದ ಅಲ್ಲಿ ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತದೆ. ರಾಜ್ಯೋತ್ಸವ, ಯುಗಾದಿ, ಗಣೇಶನ ಹಬ್ಬಕ್ಕೆ ಸಭಾಂಗಣ ಕಾಯ್ದಿರಿಸುವ ಸಂಘಗಳು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಅದನ್ನೂ ಇಡಬಹುದು. ಬಳಸುವ ಕ್ರಮವನ್ನು ಸಭೆಯ ಎದುರು, ಕನ್ನಡದಲ್ಲಿ, ಐದು ನಿಮಿಷ ಹೇಳಿಕೊಡಬಹುದು.