ಊರಹೊರಗಿನ ಚಿತ್ರಮಂದಿರವೂ ನಮ್ಮ ಹುಡುಗಿಯರೂ

ಚಲಚ್ಚಿತ್ರ ನೋಡುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯು ನಮ್ಮಂಥ ಶಾಲೆಗಳಲ್ಲಿ ಬಹು ಹಳೆಯದು. ೧೯೩೪ರಲ್ಲಿ ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನ’ವು ತೆರೆಗೆ ಬಂದಂದಿನಿಂದಲೂ ಹಿರಿಯರು ಈ ವಿಷಯದಲ್ಲಿ ಒಮ್ಮನಸ್ಸಿನವರಾಗಿಲ್ಲ. ಆ ಚರ್ಚೆಯನ್ನು ಮತ್ತೆ ಎತ್ತುವುದು ನಮ್ಮ ಉದ್ದೇಶವಲ್ಲ. ನಮ್ಮ ಹುಡುಗಿಯರು ಹೋಗುವ ಚಿತ್ರಮಂದಿರದ ರೀತಿಯೇ ಈಗ ಬದಲಾಗಿರುವುದರಿಂದ, ಅದರ ಗುಣದೋಷಗಳನ್ನು ಕುರಿತು ಹಳೆಯ ವಿದ್ಯಾರ್ಥಿನಿಯರಿಗೂ ತಾಯ್ತಂದೆಗಳಿಗೂ ನಾಲ್ಕು ಮಾತುಗಳನ್ನು ಅರಿಕೆಮಾಡಲಿಚ್ಛಿಸುತ್ತೇವೆ.

ಒಂದೇ ಕಟ್ಟಡದಲ್ಲಿ ಹಲವು ಪರದೆಗಳನ್ನಿರಿಸುವ ಪದ್ಧತಿಯು ಅಮೆರಿಕದಲ್ಲಿ ಬೆಳೆಯಿತು. ೧೯೬೩ರಲ್ಲಿ ಕ್ಯಾನ್ಸಸ್ ಸಿಟಿಯ ಅಂಗಡಿಸಮುಚ್ಚಯವೊಂದರಲ್ಲಿ ಸ್ಟ್ಯಾನ್ಲಿ ಡರ್ವುಡ್ ಎಂಬವರು ಅಕ್ಕಪಕ್ಕದಲ್ಲಿ ಎರಡು ಮಂದಿರಗಳನ್ನು ತೆರೆದರು. ಎರಡಕ್ಕೂ ಒಂದೇ ಸಿಬ್ಬಂದಿ ಸಾಕಾದ್ದರಿಂದ ವೆಚ್ಚವು ಕಡಮೆಯಾಯಿತು. ದೆಹಲಿಯ ಸಾಕೇತದಲ್ಲಿ ೧೯೯೭ರಲ್ಲಿ ೪ ಪರದೆಗಳ ಮಂದಿರವೂ, ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿ ೨೦೦೪ರಲ್ಲಿ ೧೧ ಪರದೆಗಳ ಮಂದಿರವೂ ಪ್ರಾರಂಭವಾದವು.

ಈ ಮಲ್ಟಿಪ್ಲೆಕ್ಸಿನ ಗುಣಗಳನ್ನು ಅಲ್ಲಗಳೆಯಲಾಗದು. ಹಳೆಯ ಟಾಕೀಸಿನ ನೂಕುನುಗ್ಗಲು, ತಿಗಣೆ ತುಂಬಿದ ಕುರ್ಚಿ, ಕತ್ತಲಲ್ಲಿ ಕೇಳಿಬರುತ್ತಿದ್ದ ಶಿಳ್ಳೆ, ಇವುಗಳನ್ನು ನಾವು ಮರೆತಿಲ್ಲ. ಹಿರಿಯರ ಬೆಂಗಾವಲಿಲ್ಲದೆ ಹುಡುಗಿಯರು ಅಲ್ಲಿಗೆ ಕಾಲಿಡುವಂತಿರಲಿಲ್ಲ. ಈಗಲಾದರೋ ಬೆಳಕುಳ್ಳ ಮೊಗಸಾಲೆಯುಂಟು, ಗೊತ್ತುಮಾಡಿದ ಆಸನವುಂಟು, ಶುಚಿಯಾದ ಶೌಚಗೃಹವುಂಟು. ನಾಲ್ವರು ಗೆಳತಿಯರು ತಾವಾಗಿಯೇ ಹೋಗಿ ಮರ್ಯಾದೆಯಿಂದ ಹಿಂದಿರುಗಬಹುದು. ಇದು ಸಣ್ಣ ಲಾಭವಲ್ಲ.

ಆದರೆ ಹಳೆಯ ಟಾಕೀಸಿನಲ್ಲಿ ಪರದೆಯ ಮುಂದೆ ಬೆಂಚಿನ ತರಗತಿಯೊಂದಿತ್ತು. ಚಿಲ್ಲರೆ ಕಾಸಿಗೆ ಕೂಲಿಯವನ ಮಗಳು ಅಲ್ಲಿ ಕುಳಿತು, ಸಾಹುಕಾರರ ಮಗಳು ನಕ್ಕ ಮಾತಿಗೇ ತಾನೂ ನಗುತ್ತಿದ್ದಳು. ಹೊಸ ಮಂದಿರದಲ್ಲಿ ಆ ಬೆಂಚಿಗೆ ಸ್ಥಳವಿಲ್ಲ. ಟಿಕೆಟಿಗೆ ೨೦೦ ರೂಪಾಯಿಗಳ ಮಿತಿಯನ್ನು ವಿಧಿಸಲು ನಮ್ಮ ರಾಜ್ಯ ಸರ್ಕಾರವು ೨೦೧೭ರಲ್ಲಿಯೂ ೨೦೨೫ರಲ್ಲಿಯೂ ಮುಂದಾಯಿತು; ಎರಡನೆಯ ಆಜ್ಞೆಗೆ ಆ ವರ್ಷದ ಸೆಪ್ಟೆಂಬರಿನಲ್ಲಿಯೇ ಉಚ್ಚ ನ್ಯಾಯಾಲಯದ ತಡೆ ಬಂದಿತು. ಮನೆಯ ತಿಂಡಿಯನ್ನು ಒಳಗೆ ಬಿಡದಿರಲು ಮಾಲಿಕರಿಗೆ ಹಕ್ಕುಂಟೆಂದು ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಕುಡಿಯುವ ನೀರನ್ನು ಮಾತ್ರ ಧರ್ಮಾರ್ಥವಾಗಿ ಕೊಡತಕ್ಕದ್ದೆಂದಿತು. ಹುಟ್ಟುಹಬ್ಬದ ದಿನ ತರಗತಿಯ ಹುಡುಗಿಯರೆಲ್ಲ ಚಿತ್ರಕ್ಕೆ ಹೊರಟಾಗ, “ನನಗೆ ತಲೆನೋವು” ಎಂದು ಹಿಂದುಳಿಯುವ ಹುಡುಗಿಯೊಬ್ಬಳು ಇದ್ದೇ ಇರುತ್ತಾಳೆ. ಆ ತಲೆನೋವಿನ ಕಾರಣವನ್ನು ಬಲ್ಲ ತಾಯಂದಿರು ನಮ್ಮಲ್ಲಿ ಅನೇಕರುಂಟು.

ಒಂದೇ ಸಮವಸ್ತ್ರವನ್ನು ತೊಡಿಸಿ, ಒಂದೇ ಸಾಲಿನಲ್ಲಿ ಉಣಬಡಿಸಿ, ಬಡವಬಲ್ಲಿದರೆಂಬ ಭೇದವನ್ನು ನಮ್ಮ ಉಪಾಧ್ಯಾಯಿನಿಯರು ವರ್ಷಗಟ್ಟಲೆ ಅಳಿಸಿದರು. ಅದು ಒಂದು ಮಧ್ಯಾಹ್ನದಲ್ಲಿ ಮರಳಿ ಬರಬಾರದು. ಆದಕಾರಣ ನಮ್ಮ ಸೂಚನೆಯಿಷ್ಟು: ಶಾಲೆಯ ಸಭಾಂಗಣದಲ್ಲಿ ಒಳ್ಳೆಯ ಪರದೆಯನ್ನೂ ಪ್ರೊಜೆಕ್ಟರನ್ನೂ ಇರಿಸಿ, ತಿಂಗಳಿಗೊಂದು ಉತ್ತಮ ಚಿತ್ರವನ್ನು ಎಲ್ಲ ಮಕ್ಕಳಿಗೂ ತೋರಿಸಬೇಕು. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೫೨ನೆಯ ಪ್ರಕರಣವು ಇದಕ್ಕೆ ಅನುಕೂಲವಾಗಿದೆ. ಶಾಲೆಯ ಕಾರ್ಯಕಲಾಪದ ಅಂಗವಾಗಿ ವಿದ್ಯಾರ್ಥಿಗಳು, ಅವರ ಪೋಷಕರು, ಸಿಬ್ಬಂದಿ ಮತ್ತು ಶಾಲೆಯ ಕೆಲಸಕ್ಕೆ ಸಂಬಂಧಿಸಿದವರು ಮಾತ್ರ ಸೇರಿ ಚಿತ್ರವನ್ನು ನೋಡಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಾಗದು.

ಹಳೆಯ ವಿದ್ಯಾರ್ಥಿನಿಯರು ಒಂದೊಂದು ಟಿಕೆಟಿನ ಬೆಲೆಯನ್ನು ಎತ್ತಿಟ್ಟರೂ ಈ ಕಾರ್ಯಕ್ಕೆ ಬುನಾದಿಯಾದೀತು. ತಾಯ್ತಂದೆಗಳು ಚಾಪೆಯ ಮೇಲೆ ಮಕ್ಕಳೊಡನೆ ಕುಳಿತು ನೋಡಲಿ. ಚಿತ್ರವು ಒಳ್ಳೆಯದೋ ಕೆಟ್ಟದ್ದೋ ಎಂಬುದು ಆಗ ತಾನಾಗಿಯೇ ತಿಳಿಯುವುದು. ಚಿಕ್ಕವರಿಗೆ ಕೊಟ್ಟ ಒಂದು ಬಟ್ಟಲು ತಣ್ಣೀರಿಗೂ ಪ್ರತಿಫಲವುಂಟೆಂದು ನಾವು ಈ ಶಾಲೆಯಲ್ಲಿಯೇ ಕಲಿತೆವಷ್ಟೆ. ಮುಂದಿನ ವರ್ಷಾರಂಭದೊಳಗೆ ಈ ಪರದೆಯು ಮೇಲೇರುವಂತೆ ಎಲ್ಲರೂ ಕೈಗೂಡಿಸಬೇಕೆಂದು ಪ್ರಾರ್ಥಿಸುತ್ತೇವೆ.