ಬೆನ್ನಿಗೆ ಸಿಲಿಂಡರ್ ಇರುವಾಗ ಈಜೇಕೆ?

ದಸರಾ ರಜೆ ಮುಗಿದು ಶಾಲೆ ತೆರೆದ ವಾರ. ಹತ್ತನೇ ತರಗತಿಯ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ತಲೆ ಕೆರೆದುಕೊಳ್ಳುತ್ತ ನಿಂತಿದ್ದ. ಪರೀಕ್ಷೆ ಮುಗಿದ ಮೇಲೆ, ಬೇಸಿಗೆಯಲ್ಲಿ, ಅವನಿಗೆ ಸ್ಕೂಬಾ ಡೈವಿಂಗ್ ಕಲಿಯುವ ಆಸೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಬಂದ ಸೋದರಮಾವ ಅವನ ತಲೆಗೆ ಈ ಹುಳ ಬಿಟ್ಟಿದ್ದರು.

"ಸಾರ್, ಕೋರ್ಸಿಗೆ ಸೇರಬೇಕಾದ್ರೆ ಇನ್ನೂರು ಮೀಟರ್ ಈಜಿ ತೋರಿಸ್ಬೇಕಂತೆ. ಬೆನ್ನ ಮೇಲೆ ಗಾಳಿ ಇರತ್ತೆ, ಕಾಲಿಗೆ ಮೀನಿನ ರೆಕ್ಕೆ ಇರತ್ತೆ. ಮುಳುಗೋಕೇ ಹೋಗೋನಿಗೆ ಈಜು ಯಾಕೆ ಸಾರ್?"

ಪ್ರಶ್ನೆ ತರಲೆಯಂತೆ ಕಂಡರೂ ತರಲೆಯಲ್ಲ. ಅವನ ತಂದೆಯೂ ಮರುದಿನ ಫೋನಿನಲ್ಲಿ ಇದನ್ನೇ ಕೇಳಿದರು. "ಮೇಷ್ಟ್ರೇ, ಈಜು ಬರದಿದ್ರೂ ಚಿಂತೆಯಿಲ್ಲ ಅಂತ ಜಾಹೀರಾತಿನಲ್ಲೇ ಹಾಕಿದಾರಲ್ಲ?"

ಎರಡೂ ನಿಜ. ಸಮುದ್ರದೊಳಗಿನ ಲೋಕವನ್ನು ಒಮ್ಮೆ ನೋಡಿ ಬರುವವರಿಗೆ ಈಜಿನ ಪರೀಕ್ಷೆ ಇಲ್ಲ. ಶಿಕ್ಷಕರು ಜೊತೆಗೇ ಇದ್ದು, ಕಡಿಮೆ ಆಳದಲ್ಲಿ ಕರೆದೊಯ್ದು ತರುತ್ತಾರೆ. ಅದು ಬೇರೆಯವರ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಹೋದಂತೆ. ತಾನೇ ಪೆಡಲ್ ತುಳಿಯಬೇಕೆನ್ನುವವನು ಕೋರ್ಸಿಗೆ ಸೇರಬೇಕು. ಜಗತ್ತಿನಲ್ಲಿ ಬಹಳ ಮಂದಿಗೆ ಈ ವಿದ್ಯೆಯ ಪ್ರಮಾಣಪತ್ರ ಕೊಡುವ 'ಪಾಡಿ' ಸಂಸ್ಥೆಯ ಮೊದಲ ಹಂತದ ನಿಯಮ ಹೀಗಿದೆ: ನಡುವೆ ನಿಲ್ಲದೆ 200 ಮೀಟರ್ ಈಜಬೇಕು, ಅಥವಾ ಮುಖವಾಡ, ಉಸಿರುಕೊಳವೆ, ಕಾಲಿನ ಫಿನ್ ಧರಿಸಿ 300 ಮೀಟರ್ ಈಜಬೇಕು. ಅದಲ್ಲದೆ ಯಾವ ಆಸರೆಯೂ ಇಲ್ಲದೆ 10 ನಿಮಿಷ ನೀರಿನ ಮೇಲೆ ತೇಲುತ್ತ ಇರಬೇಕು. ಯಾವ ಶೈಲಿಯ ಈಜಾದರೂ ಸರಿ. ಇಷ್ಟೇ ನಿಮಿಷದಲ್ಲಿ ಮುಗಿಸಬೇಕೆಂಬ ಕಟ್ಟುಪಾಡೂ ಇಲ್ಲ.

ಈ ಕೊನೆಯ ಮಾತನ್ನು ನಮ್ಮ ಹುಡುಗ ಗಮನಿಸಿರಲಿಲ್ಲ. ನಾನೂ ಗಮನಿಸಿರಲಿಲ್ಲವೆಂಬುದು ಊರಿನ ಈಜುಕೊಳದಲ್ಲಿ ಬಯಲಾಯಿತು.

ನಾನು ಈಜು ಕಲಿತದ್ದು ಬಾವಿಯಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ದಡದಿಂದ ಹಾರುವುದು, ತಳದ ಮಣ್ಣು ತಂದು ತೋರಿಸುವುದು, ಇದರಲ್ಲೆಲ್ಲ ಗಟ್ಟಿಗನೇ. ಆದ್ದರಿಂದ 25 ಮೀಟರಿನ ಕೊಳದಲ್ಲಿ ಎಂಟು ಉದ್ದ ಈಜುವುದೇನು ಮಹಾ ಎಂದು ಹುಡುಗನ ಪಕ್ಕದಲ್ಲೇ ಇಳಿದೆ. ಮೂರನೆಯ ಉದ್ದದ ಕೊನೆಗೆ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದೆ. ಅವನು ಐದನೆಯದಕ್ಕೆ ನಿಂತ. ಬಾವಿಯಲ್ಲಿ ನಾಲ್ಕು ಕೈ ಹಾಕುವಷ್ಟರಲ್ಲಿ ಕಲ್ಲುಗೋಡೆ ಸಿಗುತ್ತಿತ್ತು. ಬಿಡದೆ ಈಜುವುದನ್ನು ನಾನು ಕಲಿತೇ ಇರಲಿಲ್ಲ.

ತಪ್ಪು ಎಲ್ಲಾಯಿತು? ಇಬ್ಬರೂ ಮೊದಲ ಉದ್ದವನ್ನು ಯಾರೋ ಅಟ್ಟಿಸಿಕೊಂಡು ಬಂದಂತೆ ಈಜಿದ್ದೆವು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರಲ್ಲಿ ವೇಗ ಎರಡು ಪಟ್ಟಾದರೆ ತಡೆಯುವ ಬಲ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಿ ಸಾಗಲು ಬೇಕಾದ ಸಾಮರ್ಥ್ಯ ಎಂಟು ಪಟ್ಟು. ಸ್ವಲ್ಪ ಅವಸರಕ್ಕೆ ಬಹಳ ದಂಡ ತೆರಬೇಕು. ಜೊತೆಗೆ ನಾನು ಮುಖ ಒದ್ದೆಯಾಗದಂತೆ ತಲೆಯನ್ನು ಎತ್ತಿ ಹಿಡಿದಿದ್ದೆ. ನಮ್ಮ ದೇಹದ ಸಾಂದ್ರತೆ ನೀರಿನದಕ್ಕೆ ಬಹಳ ಹತ್ತಿರ. ತಲೆಯಂಥ ಭಾರದ ಭಾಗ ನೀರಿನಿಂದ ಹೊರಗೆ ಬಂದರೆ ಅದನ್ನು ಹೊರುವ ತೇಲುಬಲ ತಪ್ಪುತ್ತದೆ, ಕಾಲು ಕೆಳಗಿಳಿಯುತ್ತದೆ, ಮೈ ಓರೆಯಾಗಿ ನೀರನ್ನು ನೂಕಬೇಕಾಗುತ್ತದೆ. ಹಲವು ವರ್ಷ ಆರ್ಕಿಮಿಡೀಸನ ತತ್ತ್ವ ಪಾಠ ಮಾಡಿದವನಿಗೆ ಅದು ತನ್ನ ಕತ್ತಿಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ!

ಈಗ ಹುಡುಗನ ಪ್ರಶ್ನೆಗೆ ಬರೋಣ. ಸಿಲಿಂಡರಿನಲ್ಲಿ ಇರುವ ಗಾಳಿ ಎಷ್ಟು? ಸಾಮಾನ್ಯವಾಗಿ ಬಳಸುವ 12 ಲೀಟರಿನ ಸಿಲಿಂಡರಿನಲ್ಲಿ ವಾತಾವರಣದ ಸುಮಾರು 200 ಪಟ್ಟು ಒತ್ತಡದಲ್ಲಿ ಗಾಳಿ ತುಂಬಿರುತ್ತಾರೆ. ಬಿಡಿಸಿದರೆ 2400 ಲೀಟರ್. ಕಾಲುಭಾಗವನ್ನು ಆಪತ್ತಿಗೆಂದು ಮೀಸಲಿಟ್ಟರೆ ಉಳಿಯುವುದು 1800. ಸಮಾಧಾನದಿಂದಿರುವ ಮುಳುಗುಗಾರ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾನೆ ಎಂದಿಟ್ಟುಕೊಳ್ಳಿ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಹಾಗಾಗಿ 10 ಮೀಟರ್ ಆಳದಲ್ಲಿ ಅದೇ ಉಸಿರಿಗೆ ಎರಡರಷ್ಟು ಗಾಳಿ, ಅಂದರೆ ನಿಮಿಷಕ್ಕೆ 40 ಲೀಟರ್ ಖರ್ಚು. 1800 ಲೀಟರು 45 ನಿಮಿಷಕ್ಕೆ ಬಂತು. ಈಗ ಈಜಿನ ರೂಢಿಯಿಲ್ಲದವನನ್ನು ಅಲ್ಲಿ ಬಿಡಿ. ಸಣ್ಣ ಸೆಳವಿಗೇ ಕೈಕಾಲು ಬಡಿಯುತ್ತಾನೆ, ಉಸಿರಾಟ ಇಮ್ಮಡಿಯಾಗುತ್ತದೆ. ಅದೇ ಸಿಲಿಂಡರು 22 ನಿಮಿಷಕ್ಕೆ ಬರಿದು. ಬೆನ್ನ ಮೇಲಿನ ಗಾಳಿ ಎಷ್ಟು ಹೊತ್ತು ಬಾಳುತ್ತದೆಂಬುದನ್ನು ತೀರ್ಮಾನಿಸುವುದು ಹೊತ್ತವನ ಶಾಂತಿ.

ಇನ್ನು, ಮುಳುಗುವುದು ಮುಗಿದ ಮೇಲೂ ಸಮುದ್ರ ಮುಗಿಯುವುದಿಲ್ಲ. ಮೇಲೆ ಬಂದಾಗ ದೋಣಿ ನೂರು ಮೀಟರ್ ಆಚೆ ಇರಬಹುದು, ಅಲೆ ಮುಖಕ್ಕೆ ಬಡಿಯುತ್ತಿರಬಹುದು. ಗಾಳಿ ತುಂಬುವ ಜಾಕೆಟ್ ತೇಲಿಸುತ್ತದೆ, ನಿಜ. ಯಂತ್ರ ಕೈಕೊಟ್ಟರೂ ನಾನು ಹತ್ತು ನಿಮಿಷ ಇಲ್ಲಿ ಇರಬಲ್ಲೆ ಎಂಬ ಧೈರ್ಯವನ್ನು ಅದು ತುಂಬಲಾರದು.

ಆ ಧೈರ್ಯವಿಲ್ಲದವನು ಗಾಬರಿಯಾದಾಗ ಮಾಡುವುದೇನು? ಉಸಿರು ಬಿಗಿಹಿಡಿದು ಸರ್ರನೆ ಮೇಲಕ್ಕೆ ಹಾರುತ್ತಾನೆ. ಸ್ಕೂಬಾದಲ್ಲಿ ಇದಕ್ಕಿಂತ ಕೆಟ್ಟ ತಪ್ಪು ಕಡಿಮೆ. ಒಂಬತ್ತನೇ ತರಗತಿಯ ಹುಡುಗರಿಗೂ ವಿವರಿಸಬಹುದಾದ ಬಾಯ್ಲ್‌ನ ನಿಯಮ ಇಲ್ಲಿ ಪ್ರಾಣದ ಪ್ರಶ್ನೆಯಾಗುತ್ತದೆ. 10 ಮೀಟರ್ ಆಳದಲ್ಲಿ ಎಳೆದುಕೊಂಡ ಒಂದು ಉಸಿರು ಮೇಲೆ ಬರುವಷ್ಟರಲ್ಲಿ ಎರಡು ಉಸಿರಿನಷ್ಟು ಹಿಗ್ಗುತ್ತದೆ. ಹೊರಹೋಗಲು ದಾರಿಯಿಲ್ಲದಿದ್ದರೆ ಶ್ವಾಸಕೋಶ ಹರಿದು, ಗುಳ್ಳೆಗಳು ರಕ್ತಕ್ಕೆ ಸೇರಿ ಮೆದುಳನ್ನು ತಲುಪಬಹುದು. ತುಂಬಿದ ಎದೆಯೊಂದಿಗೆ ಒಂದೂವರೆ ಮೀಟರ್ ಏರಿದರೂ ಅಪಾಯ ಆಗಬಹುದು.

ಇದನ್ನು ನಾನು ಮನೆಗೆ ಹೋಗಿ ವಿವರಿಸುತ್ತಿದ್ದಾಗ ಹುಡುಗನ ತಾಯಿ ಕಾಫಿ ಲೋಟ ಇಟ್ಟು ಅಲ್ಲೇ ನಿಂತರು. "ಸಾರ್, ಫಾರ್ಮಿನಲ್ಲಿ ಉಬ್ಬಸ ಇದೆಯಾ ಅಂತ ಕೇಳಿದಾರೆ. ಚಳಿಗಾಲದಲ್ಲಿ ಒಂದೊಂದ್ಸಲ ಪಂಪ್ ತಗೋತಾನೆ. ಇಲ್ಲ ಅಂತ ಬರೀಲಾ?" ತಂದೆ ಕಿಟಕಿಯ ಕಡೆ ನೋಡಿದರು. ಹುಡುಗ ನೆಲ ನೋಡಿದ. ಮೂವರೂ ಆಗಲೇ ಮಾತಾಡಿಕೊಂಡಿದ್ದರೆಂದು ಗೊತ್ತಾಯಿತು.

ಉಬ್ಬಸದಲ್ಲಿ ಸಣ್ಣ ಶ್ವಾಸನಾಳಗಳು ಕಿರಿದಾಗುತ್ತವೆ. ಒಳಗೆ ಹೋದ ಗಾಳಿ ಎಲ್ಲೋ ಒಂದು ಮೂಲೆಯಲ್ಲಿ ಸಿಕ್ಕಿಕೊಳ್ಳಬಹುದು. ಹುಡುಗ ನಿಯಮದಂತೆ ಉಸಿರಾಡುತ್ತಲೇ ಮೇಲೆ ಬಂದರೂ ಆ ಮೂಲೆಯ ಮಟ್ಟಿಗೆ ಅವನು ಉಸಿರು ಹಿಡಿದವನೇ. ಉಬ್ಬಸ ಇದ್ದವರೆಲ್ಲ ಮುಳುಗಲೇಬಾರದು ಎಂದೇನಿಲ್ಲ. ವೈದ್ಯರು ಪರೀಕ್ಷಿಸಿ ಒಪ್ಪಿಗೆ ಕೊಡುವುದುಂಟು. ಆದರೆ ಅದನ್ನು ಹೇಳಬೇಕಾದವರು ವೈದ್ಯರು. ಕಿವಿ, ಹೃದಯ, ಮೂರ್ಛೆರೋಗದ ಪ್ರಶ್ನೆಗಳೂ ಆ ಫಾರ್ಮಿನಲ್ಲಿರುವುದು ಇದಕ್ಕೇ. "ಇದೆ ಅಂತ ಬರೀರಿ" ಎಂದೆ. ಹುಡುಗನ ಕಣ್ಣು ತುಂಬಿತು. ನನ್ನ ಮೇಲೆ ಅವನಿಗೆ ಸಿಟ್ಟು ಬಂದದ್ದೂ ಕಂಡಿತು.

ಇನ್ನೊಂದು ಮಾತನ್ನು ಈಜುಕೊಳಕ್ಕೆ ಮಕ್ಕಳನ್ನು ಕಳಿಸುವ ಎಲ್ಲ ಪೋಷಕರಿಗೂ ಹೇಳಬೇಕು. ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆಂಬ ಪಂದ್ಯ ಬೇಡ. ಗೆಲ್ಲಲೆಂದು ಹುಡುಗರು ಮೊದಲು ಬಿರಬಿರನೆ ಹತ್ತಾರು ಉಸಿರೆಳೆಯುತ್ತಾರೆ. ಇದರಿಂದ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. 'ಉಸಿರು ತೆಗೆದುಕೋ' ಎಂದು ಮೆದುಳಿಗೆ ಒತ್ತಾಯ ಮಾಡುವುದು ಮುಖ್ಯವಾಗಿ ಅದೇ. ಆ ಒತ್ತಾಯ ಬರುವ ಮೊದಲೇ ಆಮ್ಲಜನಕ ಮುಗಿದು, ಸದ್ದಿಲ್ಲದೆ ನೀರಿನೊಳಗೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜುವವರಿಗೂ ಹೀಗಾಗಿದೆ.

ಆಮೇಲಿನ ಭಾನುವಾರಗಳಲ್ಲಿ ನಾವಿಬ್ಬರೂ ಕೊಳಕ್ಕೆ ಹೋದೆವು. ಮುಖ ನೀರಿನಲ್ಲಿಟ್ಟು ಉಸಿರು ಬಿಡುವುದು, ಪಕ್ಕಕ್ಕೆ ಹೊರಳಿ ಎಳೆದುಕೊಳ್ಳುವುದು, ಅಂಗಾತ ಮಲಗಿ ಎದೆ ತುಂಬಿಕೊಂಡು ಸುಮ್ಮನೆ ತೇಲುವುದು. ಎರಡು ತಿಂಗಳಿಗೆ ನನ್ನ ಎಂಟು ಉದ್ದ ಮುಗಿಯಿತು, 11 ನಿಮಿಷದಲ್ಲಿ. ಕಾವಲಿನವನು ಗಡಿಯಾರ ನೋಡಿ ನಕ್ಕ. ಹುಡುಗ 8 ನಿಮಿಷದಲ್ಲಿ ಮುಗಿಸಿ, ನನಗಾಗಿ ಕಾಯುತ್ತ ಮೇಲೆ ಕೂತಿದ್ದ. ಶ್ವಾಸಕೋಶದ ವೈದ್ಯರು ಅವನನ್ನು ಓಡಿಸಿ, ಕೊಳವೆಗೆ ಊದಿಸಿ ನೋಡಿದ್ದಾರೆ. ಚಳಿಗಾಲ ಕಳೆಯಲಿ, ಮಾರ್ಚಿನಲ್ಲಿ ಇನ್ನೊಮ್ಮೆ ಬನ್ನಿ ಎಂದಿದ್ದಾರೆ. ಅಲ್ಲಿಯವರೆಗೆ ಫಾರ್ಮು ಮೇಜಿನ ಡ್ರಾಯರಿನಲ್ಲಿದೆ.