ಭೂಗೋಳ ಓದಿದವರು ಏನು ಕಲಿತಿರುತ್ತಾರೆ?

ಭೂಗೋಳ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹೈಸ್ಕೂಲಿನ ಸಮಾಜ ವಿಜ್ಞಾನದ ಪೀರಿಯಡ್ಡು. ಖಾಲಿ ನಕ್ಷೆಯಲ್ಲಿ ಭದ್ರಾವತಿ, ಭಿಲಾಯಿ, ಜಮ್‌ಶೆಡ್‌ಪುರ ಗುರುತಿಸಿ, ಗೋದಾವರಿಗೆ ಒಂದು ನೀಲಿ ಗೆರೆ ಎಳೆದು, ಸೆಣಬು ಎಲ್ಲಿ, ಕಾಫಿ ಎಲ್ಲಿ ಎಂದು ಬಾಯಿಪಾಠ ಮಾಡಿದರೆ ಮುಗಿಯಿತು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡವರು ಆ ಪುಸ್ತಕವನ್ನು ರದ್ದಿಗೆ ಹಾಕಿದೆವು. ಹಾಗಾಗಿ ಡಿಗ್ರಿಯಲ್ಲಿ ಮೂರು ನಾಲ್ಕು ವರ್ಷ ಭೂಗೋಳವನ್ನೇ ಓದುವವರಿದ್ದಾರೆ ಎಂದರೆ, ಅಷ್ಟು ವರ್ಷ ಓದುವುದಕ್ಕೆ ಅದರಲ್ಲಿ ಏನಿದೆ ಅನ್ನಿಸುವುದು ಸಹಜ.

ಈ ಪ್ರಶ್ನೆ ಈ ಸಲ ನನ್ನ ಮುಂದೆ ನೇರವಾಗಿಯೇ ಬಂತು. ಪುಣೆಯ ನಮ್ಮ ಸೊಸೈಟಿಯಲ್ಲಿ ಕೆಳಗಿನ ಮಹಡಿಯಲ್ಲಿರುವವರು ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನವರು. ಇಪ್ಪತ್ತು ವರ್ಷದಿಂದ ಪಿಂಪ್ರಿ-ಚಿಂಚ್‌ವಡ್‌ನ ಕಾರ್ಖಾನೆಯೊಂದರಲ್ಲಿ ಕೆಲಸ. ಮಗಳು ಹನ್ನೆರಡನೇ ತರಗತಿ ಸೈನ್ಸ್‌ನಲ್ಲಿ ಒಳ್ಳೆಯ ಅಂಕ ತೆಗೆದಿದ್ದಾಳೆ. ಲಿಫ್ಟ್ ಹತ್ತಿರ ಸಿಕ್ಕವರು ನನ್ನನ್ನು ನಿಲ್ಲಿಸಿಕೊಂಡು, "ಅಲ್ರೀ, ನೀವು ಕಂಪ್ಯೂಟರ್ ಮಂದಿ. ನೀವರ ಒಂದ್ ಮಾತು ಹೇಳ್ರಿ ಅಕಿಗೆ. ಇಂಜಿನಿಯರಿಂಗ್ ಸೀಟ್ ಸಿಗೂವಂಗ ಐತಿ, ಅಕಿ ನೋಡಿದ್ರ ಭೂಗೋಳದಾಗ ಬಿ.ಎಸ್ಸಿ. ಮಾಡ್ತೀನಿ ಅಂತ ಹಟ ಹಿಡದು ಕುಂತಾಳ. ನಾಳೆ ಹೊಟ್ಟಿಗೆ ಏನ್ ಮಾಡ್ತಾಳ್ರೀ?" ಅಂದರು.

ಈ ಭಯವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಫ್ಲ್ಯಾಟಿನ ಸಾಲ ಇನ್ನೂ ಎಂಟು ವರ್ಷ ಇದೆ. ಚಿಕ್ಕ ಮಗ ಹತ್ತನೇ ತರಗತಿಯಲ್ಲಿದ್ದಾನೆ. ಆ ಮನೆತನದಲ್ಲಿ ಡಿಗ್ರಿ ಮಾಡುತ್ತಿರುವ ಮೊದಲ ಹುಡುಗಿ ಅವಳು. ಅವಳ ಆಯ್ಕೆ ಎಡವಿದರೆ ಹಿಡಿದು ನಿಲ್ಲಿಸಲು ಹಿಂದೆ ಯಾರೂ ಇಲ್ಲ. ಹಾಗಾಗಿ ಥಟ್ಟನೆ ಏನೋ ಒಂದು ಹೇಳಿ ಕೈತೊಳೆದುಕೊಳ್ಳದೆ ವಾರ ಸಮಯ ಕೇಳಿದೆ. ನಾನು ಎಂ.ಸಿ.ಎ. ಮಾಡಿದವನು. ಆದರೆ ಐದಾರು ವರ್ಷದಿಂದ ನಮ್ಮ ತಂಡ ನಕ್ಷೆ ಆಧರಿಸಿದ ಸಾಫ್ಟ್‌ವೇರ್ ಮಾಡುತ್ತಿದೆ, ನನ್ನ ಜೊತೆ ಮೂವರು ಭೂಗೋಳದ ಪದವೀಧರರು ಇದ್ದಾರೆ. ಅವರನ್ನು ಕೂರಿಸಿಕೊಂಡು ಮಾತಾಡಿದೆ, ನಾಲ್ಕೈದು ವಿಶ್ವವಿದ್ಯಾಲಯಗಳ ಸಿಲಬಸ್ ತಿರುವಿ ಹಾಕಿದೆ. ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಇದೇ ಪ್ರಶ್ನೆ ನಿಮ್ಮ ಮನೆಯಲ್ಲೂ ಎದ್ದಿರಬಹುದು.

ಮೊದಲ ವರ್ಷ ಸಾಮಾನ್ಯವಾಗಿ ನೆಲ ಮತ್ತು ಗಾಳಿಯದು. ಭೂರೂಪಗಳ ಶಾಸ್ತ್ರ, ವಾಯುಗುಣ ಶಾಸ್ತ್ರ, ಒಂದಿಷ್ಟು ಸಾಗರ ಶಾಸ್ತ್ರ. ಬೆಟ್ಟ ಹೇಗಾಯಿತು, ನದಿ ಯಾಕೆ ಇಲ್ಲಿ ತಿರುಗಿತು, ಈ ಮಣ್ಣು ಯಾಕೆ ಕಪ್ಪು? ಪುಣೆಯಲ್ಲಿ ಓದುವ ವಿದ್ಯಾರ್ಥಿಗೆ ಇದಕ್ಕೆ ಪ್ರಯೋಗಶಾಲೆ ಊರ ಹೊರಗೇ ಇದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ ಇಲ್ಲಿನ ಬೆಟ್ಟಗಳು. ಅದೇ ಬಸಾಲ್ಟ್ ಕಲ್ಲು ಸವೆದು ಆದದ್ದು ವಿಜಯಪುರದ ಎರೆಮಣ್ಣು. ಮಹಾಬಲೇಶ್ವರದಲ್ಲಿ ವರ್ಷಕ್ಕೆ 5000 ಮಿ.ಮೀ.ಗೂ ಹೆಚ್ಚು ಮಳೆ, ಪುಣೆಯಲ್ಲಿ ಸುಮಾರು 700. ನಡುವೆ ಇರುವುದು ಘಟ್ಟದ ಗೋಡೆ ಮಾತ್ರ. ಅರಬ್ಬಿ ಸಮುದ್ರದ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ಮಳೆ ಸುರಿಸುತ್ತದೆ, ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ತೀರ್ಥಹಳ್ಳಿ ಕಡೆಯವನಾದ ನನಗೆ ಆಗುಂಬೆಯ ಮಳೆ ಗೊತ್ತು, ಶಿವಮೊಗ್ಗ ದಾಟಿದರೆ ಕೊಡೆ ಮಡಚುವುದೂ ಗೊತ್ತು. ಆ ವ್ಯತ್ಯಾಸವನ್ನು ಲೆಕ್ಕ ಹಾಕಿ, ಗ್ರಾಫ್ ಬರೆದು, ಕಾರಣ ಕೊಡುವುದನ್ನು ಇವರು ಕಲಿಯುತ್ತಾರೆ. ಅಂದಹಾಗೆ, ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಪುಣೆಗೆ ಬಂದಿತ್ತು. ಅದು ದೆಹಲಿಗೆ ಹೋಗಿ ಎಷ್ಟೋ ಕಾಲವಾದರೂ ಶಿವಾಜಿನಗರದ ಆ ಕಟ್ಟಡ ಇಂದಿಗೂ ಪುಣೆಯವರ ಬಾಯಲ್ಲಿ 'ಸಿಮ್ಲಾ ಆಫೀಸ್'.

ಇದೆಲ್ಲ ಬರೀ ಕುತೂಹಲದ ವಿಷಯವಲ್ಲ. 2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳಿಣ್ ಎಂಬ ಹಳ್ಳಿಯ ಮೇಲೆ ಗುಡ್ಡ ಕುಸಿದು 150ಕ್ಕೂ ಹೆಚ್ಚು ಜನ ಸತ್ತರು. ಸರಿಯಾಗಿ ಹತ್ತು ವರ್ಷದ ನಂತರ, ಅದೇ ಜುಲೈ 30ರಂದು ವಯನಾಡಿನಲ್ಲಿ ಇನ್ನೂ ದೊಡ್ಡ ದುರಂತವಾಯಿತು. ನಡುವೆ 2018ರಲ್ಲಿ ನಮ್ಮ ಕೊಡಗು. ಯಾವ ಇಳಿಜಾರು ಎಷ್ಟು ಕಡಿದು, ಮೇಲಿನ ಮಣ್ಣು ಎಷ್ಟು ಆಳ, ಎಷ್ಟು ಮಳೆ ಬಿದ್ದರೆ ಅಪಾಯ, ಗುಡ್ಡದ ಬುಡವನ್ನು ಎಲ್ಲಿ ಕತ್ತರಿಸಬಾರದು ಎಂದು ಓದುವುದು ಈ ಪದವಿಯ ಒಂದು ಮುಖ್ಯ ಭಾಗ. ಹಲವು ಕಡೆ ವಿಪತ್ತು ನಿರ್ವಹಣೆಯ ಮೇಲೆ ಪ್ರತ್ಯೇಕ ಪ್ರಾಜೆಕ್ಟೇ ಮಾಡಿಸುತ್ತಾರೆ.

ಎರಡನೆಯದು ನಕ್ಷೆ. ನಕ್ಷೆ ನೋಡುವುದಲ್ಲ, ಮಾಡುವುದು. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹರಡಿದರೆ ಏನಾದರೂ ಒಂದು ಕೆಡಲೇಬೇಕು: ಆಕಾರ, ವಿಸ್ತೀರ್ಣ, ದೂರ ಅಥವಾ ದಿಕ್ಕು. ಯಾವುದನ್ನು ಉಳಿಸಿಕೊಂಡು ಯಾವುದನ್ನು ಬಿಡಬೇಕು ಎಂಬುದು ಪ್ರೊಜೆಕ್ಷನ್ ಪಾಠ. 1569ರಲ್ಲಿ ಮರ್ಕೇಟರ್ ಮಾಡಿದ ನಕ್ಷೆ ಹಡಗಿನವರಿಗೆ ದಿಕ್ಕು ತಪ್ಪದಿರಲೆಂದು ಮಾಡಿದ್ದು. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. ಅಷ್ಟೇಕೆ, ಗ್ರೀನ್‌ಲ್ಯಾಂಡ್ ನಮ್ಮ ಭಾರತಕ್ಕಿಂತಲೂ ಚಿಕ್ಕದು. ನಾವು ಫೋನಿನಲ್ಲಿ ನೋಡುವ ಹೆಚ್ಚಿನ ನಕ್ಷೆಗಳ ಹಿಂದೆ ಈಗಲೂ ಮರ್ಕೇಟರ್‌ನ ವಂಶದ ಪ್ರೊಜೆಕ್ಷನ್ನೇ ಇದೆ. ಅದರ ಮೇಲೆ ನೇರವಾಗಿ ಜಮೀನಿನ ವಿಸ್ತೀರ್ಣ ಅಳೆದರೆ ಲೆಕ್ಕ ತಪ್ಪುತ್ತದೆ ಎಂಬುದು ಭೂಗೋಳದವರಿಗೆ ಮೊದಲ ವರ್ಷವೇ ಗೊತ್ತಿರುತ್ತದೆ.

ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ ಓದುವುದು ಇನ್ನೊಂದು ಕೆಲಸ. 1:50,000 ಅಳತೆ, ಅಂದರೆ ಕಾಗದದ 2 ಸೆಂ.ಮೀ. ನೆಲದ ಮೇಲೆ 1 ಕಿ.ಮೀ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಗುಡ್ಡ, ದೂರ ದೂರವಿದ್ದರೆ ಬಯಲು. ಮಳೆ ಬಿದ್ದರೆ ನೀರು ಎತ್ತ ಹರಿಯುತ್ತದೆ ಎಂದು ಆ ಹಾಳೆ ನೋಡಿಯೇ ಹೇಳಬಹುದು. ಈ ಸಂಸ್ಥೆ ಶುರುವಾದದ್ದು 1767ರಲ್ಲಿ. ಚೆನ್ನೈ ಓದುಗರು ಗಮನಿಸಬೇಕು: ಲ್ಯಾಂಬ್ಟನ್ ದೇಶವನ್ನು ತ್ರಿಕೋನಗಳಲ್ಲಿ ಅಳೆಯುವ ಮಹಾ ಸರ್ವೆಗೆ 1802ರಲ್ಲಿ ಆಧಾರ ರೇಖೆ ಹಾಕಿದ್ದು ನಿಮ್ಮ ಸೇಂಟ್ ಥಾಮಸ್ ಮೌಂಟ್ ಪಕ್ಕದಲ್ಲೇ.

ಮೂರನೆಯದು ಅಂಕಿಅಂಶ. ಆರ್ಟ್ಸ್ ವಿಷಯ ಎಂದುಕೊಂಡು ಬಂದವರು ಇಲ್ಲಿ ಬೆಚ್ಚಿಬೀಳುತ್ತಾರಂತೆ. ಸ್ಯಾಂಪ್ಲಿಂಗ್, ಕೋರಿಲೇಶನ್, ರಿಗ್ರೆಶನ್ ಎಲ್ಲ ಇದೆ. ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ಗ್ರಾಹಕರು ಜಿಲ್ಲಾವಾರು ಮಾರಾಟದ ಬಣ್ಣದ ನಕ್ಷೆ ಕಳಿಸಿದ್ದರು. ಪುಣೆ, ಠಾಣೆ ಕಡುಗೆಂಪು, ಸಿಂಧುದುರ್ಗ ಬಿಳಿ. ನಮ್ಮ ತಂಡದ ಹುಡುಗಿ ಒಂದು ನಿಮಿಷ ನೋಡಿ, "ಸರ್, ಇದು ಮಾರಾಟದ ನಕ್ಷೆ ಅಲ್ಲ, ಜನಸಂಖ್ಯೆಯ ನಕ್ಷೆ" ಅಂದಳು. ಜನ ಹೆಚ್ಚಿರುವಲ್ಲಿ ಮಾರಾಟವೂ ಹೆಚ್ಚೇ ಇರುತ್ತದೆ. ಸಾವಿರ ಮನೆಗೆ ಎಷ್ಟು ಎಂದು ಲೆಕ್ಕ ಹಾಕಿ ಬಣ್ಣ ಬಳಿದಾಗ ಚಿತ್ರವೇ ತಿರುಗಿಬಿತ್ತು. ಇಂಥ ಬಣ್ಣದ ನಕ್ಷೆಗೆ ಬರೀ ಸಂಖ್ಯೆ ಹಾಕಬೇಡಿ, ಪ್ರಮಾಣ ಹಾಕಿ ಎಂಬುದು ಅವರ ಪ್ರಾಕ್ಟಿಕಲ್ ಕ್ಲಾಸಿನ ಮೊದಲ ಪಾಠಗಳಲ್ಲೊಂದು. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾ ಸಾವುಗಳನ್ನು ಬೀದಿ ನಕ್ಷೆಯ ಮೇಲೆ ಗುರುತಿಸಿ, ಅವು ಬ್ರಾಡ್ ಸ್ಟ್ರೀಟ್‌ನ ಒಂದು ನೀರಿನ ಪಂಪಿನ ಸುತ್ತ ಗುಂಪಾಗಿರುವುದನ್ನು ತೋರಿಸಿದ್ದನ್ನೂ ಇವರು ಓದುತ್ತಾರೆ. ನಕ್ಷೆಯಿಂದ ಕಾರಣ ಹುಡುಕುವುದು ಹೇಗೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಮಾನವ ಭೂಗೋಳ, ಯಾಕೆಂದರೆ ಅದು ನಮ್ಮದೇ ಕಥೆ. ರಾವೆನ್‌ಸ್ಟೈನ್ ಎಂಬಾತ 1885ರಲ್ಲಿ ಬ್ರಿಟನ್ನಿನ ಜನಗಣತಿ ಹಿಡಿದುಕೊಂಡು ವಲಸೆಯ ನಿಯಮಗಳನ್ನು ಬರೆದ. ಹೆಚ್ಚಿನ ಜನ ಹತ್ತಿರಕ್ಕೇ ಹೋಗುತ್ತಾರೆ, ದೂರ ಹೋಗುವವರು ದೊಡ್ಡ ವ್ಯಾಪಾರ-ಉದ್ಯಮದ ಊರನ್ನೇ ಹುಡುಕುತ್ತಾರೆ, ಒಂದು ಕಡೆಗೆ ಜನರ ಹರಿವು ಇದ್ದರೆ ಎದುರು ಹರಿವೂ ಇರುತ್ತದೆ. ಮುಂಬೈ ಓದುಗರೇ, ನಿಮ್ಮ ಕಥೆಗೂ ಪಠ್ಯದಲ್ಲಿ ಹೆಸರಿದೆ: ಸರಪಳಿ ವಲಸೆ. ಊರಿನವನೊಬ್ಬ ಮುಂಬೈಗೆ ಬಂದು ಹೋಟೆಲಿನಲ್ಲಿ ನಿಂತ, ತಮ್ಮನನ್ನು ಕರೆಸಿದ, ತಮ್ಮ ಭಾವಮೈದುನನನ್ನು ಕರೆಸಿದ. ಉಡುಪಿ ಹೋಟೆಲುಗಳು ಬೆಳೆದದ್ದು ಹೀಗೇ. ನಮ್ಮ ಕನ್ನಡ ಸಂಘಗಳಿಗೂ ಬೇರು ಇಲ್ಲೇ ಇದೆ. ಇದರ ಜೊತೆಗೆ ಊರು ಹೇಗೆ ಬೆಳೆಯುತ್ತದೆ, ಸಂತೆಯ ಊರು ಎಷ್ಟು ದೂರಕ್ಕೊಂದು ಇರುತ್ತದೆ, ಕಾರ್ಖಾನೆ ಎಲ್ಲಿ ಹಾಕಿದರೆ ಸಾಗಣೆ ಖರ್ಚು ಕಡಿಮೆ ಎಂಬ ಸಿದ್ಧಾಂತಗಳೂ ಇವೆ. ಹವಾಮಾನವೇ ಜನರ ಗುಣವನ್ನು ನಿರ್ಧರಿಸುತ್ತದೆ ಎಂದು ಒಂದು ಕಾಲದಲ್ಲಿ ಈ ಶಾಸ್ತ್ರವೇ ಹೇಳುತ್ತಿತ್ತು, ಬಿಸಿ ದೇಶದವರು ಸೋಮಾರಿಗಳು ಎಂಬ ವಸಾಹತು ಕಾಲದ ಮಾತಿಗೆ ಒತ್ತಾಸೆಯಾಗಿತ್ತು. ಆ ತಪ್ಪು ಹೇಗಾಯಿತು, ಅದನ್ನು ಹೇಗೆ ಬಿಟ್ಟರು ಎಂಬುದಕ್ಕೂ ಕೊನೆಯ ವರ್ಷ ಒಂದು ಪೇಪರ್ ಇರುತ್ತದೆ.

ಫೀಲ್ಡ್ ವರ್ಕ್ ಇಲ್ಲದೆ ಈ ಪದವಿ ಇಲ್ಲ. ನನ್ನ ಸಹೋದ್ಯೋಗಿಯೊಬ್ಬ ಸೋಲಾಪುರ ಕಡೆಯ ಒಂದು ಹಳ್ಳಿಯಲ್ಲಿ ವಾರವಿದ್ದು ಅರವತ್ತು ಮನೆಗಳ ಸಮೀಕ್ಷೆ ಮಾಡಿದ್ದನಂತೆ. ದಾಖಲೆ ಪ್ರಕಾರ ಊರಿಗೆಲ್ಲ ಕಾಲುವೆ ನೀರಾವರಿ. ಮನೆ ಮನೆಗೆ ಹೋಗಿ ಕೇಳಿದಾಗ ಕಾಲುವೆಯ ಕೊನೆಯವರಿಗೆ ನೀರು ಬರುವುದು ವರ್ಷಕ್ಕೊಮ್ಮೆ, ಅದೂ ಅನುಮಾನ. ಕೋಷ್ಟಕದ ಒಂದು ಅಂಕಿಯ ಹಿಂದೆ ಏನೇನು ಅಡಗಿರುತ್ತದೆ ಎಂದು ಅವನಿಗೆ ಗೊತ್ತಾದದ್ದು ಅಲ್ಲಿ. ಡೇಟಾ ಸೈನ್ಸ್ ಕೋರ್ಸ್ ಮಾಡಿದ ಎಷ್ಟೋ ಹುಡುಗರಿಗೆ ನಾನು ಕಲಿಸಲಾಗದೆ ಒದ್ದಾಡುವ ವಿಷಯ ಇದೇ.

ಕೊನೆಗೆ ದೂರ ಸಂವೇದಿ ಮತ್ತು ಜಿಐಎಸ್. 1988ರಲ್ಲಿ ಐಆರ್‌ಎಸ್-1ಎ ಹಾರಿದ ಮೇಲೆ ನಮ್ಮದೇ ಉಪಗ್ರಹಗಳ ಚಿತ್ರ ಬಂತು. ಅದನ್ನು ಸಂಗ್ರಹಿಸಿ ಹಂಚುವ ರಾಷ್ಟ್ರೀಯ ಕೇಂದ್ರ ಇರುವುದು ಹೈದರಾಬಾದಿನಲ್ಲಿ. ಹಸಿರೆಲೆ ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪನ್ನು ಹಿಂದಕ್ಕೆ ಎಸೆಯುತ್ತದೆ. ಈ ಎರಡರ ವ್ಯತ್ಯಾಸ ನೋಡಿ ಬೆಳೆ ಹೇಗಿದೆ ಎಂದು ಹೇಳಬಹುದು. 2021ರಲ್ಲಿ ಕೇಂದ್ರ ಸರ್ಕಾರ ನಕ್ಷೆ-ದತ್ತಾಂಶದ ನಿಯಮಗಳನ್ನು ಸಡಿಲಿಸಿದ ಮೇಲೆ ಖಾಸಗಿಯವರಿಗೂ ಈ ಕ್ಷೇತ್ರ ತೆರೆದುಕೊಂಡಿದೆ.

ಇಷ್ಟೆಲ್ಲ ತಿಳಿದ ಮೇಲೆ ಹುಡುಗಿಯನ್ನೇ ಕೇಳಿದೆ, ಯಾಕಮ್ಮ ಭೂಗೋಳ? 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಅವರ ದೊಡ್ಡಪ್ಪನ ತೊಗರಿ ಹೊಲ ಮುಳುಗಿತ್ತಂತೆ. ಆ ಭಾಗದಲ್ಲಿ ಸುರಿದ ಮಳೆಯ ಜೊತೆಗೆ ಉಜನಿ ಜಲಾಶಯದಿಂದ ಬಿಟ್ಟ ನೀರು. ನಮ್ಮ ಪುಣೆಯ ಮುಳಾ, ಮುಠಾ ಸೇರುವುದೂ ಭೀಮೆಯನ್ನೇ. ಭೀಮಾಶಂಕರದಲ್ಲಿ ಹುಟ್ಟಿ, ಉಜನಿ ದಾಟಿ, ಇಂಡಿ, ಅಫಜಲಪುರ ಕಂಡು, ರಾಯಚೂರಿನ ಬಳಿ ಕೃಷ್ಣೆಗೆ ಸೇರುವ ನದಿ ಅದು. "ಅಂಕಲ್, ಇಲ್ಲಿ ಮಳೀ ಆದ್ರ ಅಲ್ಲಿ ನೀರು ಯಾವಾಗ ಬರ್ತದ ಅಂತ ದೊಡ್ಡಪ್ಪಗ ಯಾರೂ ಹೇಳಲಿಲ್ಲ. ಹೇಳಾಕ ಬರ್ತದಲ್ಲ, ಅದನ್ನ ಕಲೀಬೇಕು ನಾನು" ಅಂದಳು. ಹದಿನೆಂಟು ವರ್ಷಕ್ಕೆ ಇಷ್ಟು ಸ್ಪಷ್ಟ ಕಾರಣ ಇಟ್ಟುಕೊಂಡು ಇಂಜಿನಿಯರಿಂಗ್ ಸೇರಿದವರನ್ನು ನಾನು ಕಂಡಿಲ್ಲ.

ಆದರೂ ಅವರ ತಂದೆಗೆ ಸಿಹಿ ಮಾತು ಮಾತ್ರ ಹೇಳಲಿಲ್ಲ. ಬರೀ ಬಿ.ಎಸ್ಸಿ. ಮುಗಿಸಿದವರಿಗೆ ಸಿಗುವುದು ಹೆಚ್ಚಾಗಿ ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆಯುವ ಡಿಜಿಟೈಸಿಂಗ್ ಕೆಲಸ. ಮೊದಲ ಸಂಬಳ ಇಂಜಿನಿಯರ್‌ಗಿಂತ ಕಡಿಮೆ. ಮುಂದೆ ಹೋಗಬೇಕೆಂದರೆ ಎಂ.ಎಸ್ಸಿ. ಬೇಕೇಬೇಕು, ಅಂದರೆ ಐದು ವರ್ಷದ ತಯಾರಿ. ಆ ನಂತರ ನಗರ ಯೋಜನೆ, ನೀರಾವರಿ, ವಿಪತ್ತು ನಿರ್ವಹಣೆ, ವಿಮೆ, ಸಾಗಣೆ, ಬೋಧನೆ ಹೀಗೆ ದಾರಿಗಳಿವೆ. ಸಿವಿಲ್ ಸರ್ವಿಸ್ ಪರೀಕ್ಷೆಗೆ ಈ ವಿಷಯ ಅನುಕೂಲ ಎಂಬುದೂ ನಿಜ. ಆದರೆ ಅದೊಂದನ್ನೇ ನಂಬಿ ಸೇರುವುದು ಬೇಡ. ಅವರು ಎಲ್ಲ ಕೇಳಿಸಿಕೊಂಡು, "ಫೀ ಇಂಜಿನಿಯರಿಂಗ್‌ಕಿಂತ ಭಾಳ ಕಮ್ಮಿ ಐತಿ. ಉಳಿದ ರೊಕ್ಕ ಅಕಿ ಎಂ.ಎಸ್ಸಿ.ಗೆ ಇಟ್ರ ಆತು, ಅಲ್ರೀ?" ಅಂದರು. ಈ ಲೆಕ್ಕ ನನಗೂ ಹೊಳೆದಿರಲಿಲ್ಲ. ಪ್ರವೇಶದ ಫಾರ್ಮ್ ತುಂಬಿ ಆಗಿದೆ.

ನಿಮ್ಮ ಮನೆಯ ಮಕ್ಕಳೂ ಹೀಗೇ ಕೇಳಿದರೆ, ಹೌದು-ಇಲ್ಲ ಎನ್ನುವ ಮೊದಲು ಕಾಲೇಜಿಗೆ ಹೋಗಿ ನಾಲ್ಕು ವಿಷಯ ವಿಚಾರಿಸಿ. ಜಿಐಎಸ್ ಲ್ಯಾಬ್ ಇದೆಯೇ, ಅದರಲ್ಲಿ ನಡೆಯುವ ಕಂಪ್ಯೂಟರ್ ಎಷ್ಟು? ಫೀಲ್ಡ್ ವರ್ಕ್‌ಗೆ ನಿಜವಾಗಿ ಕರೆದೊಯ್ಯುತ್ತಾರೋ, ಹಳೇ ರಿಪೋರ್ಟ್ ನಕಲು ಮಾಡಿಸುತ್ತಾರೋ? ಅಂಕಿಅಂಶ ಕಲಿಸುವವರು ಯಾರು? ಹಿಂದಿನ ಮೂರು ಬ್ಯಾಚಿನವರು ಈಗ ಎಲ್ಲಿದ್ದಾರೆ? ಸೇರಿದ ಮೇಲೆ ಮಗುವಿಗೆ ಕ್ಯೂಜಿಐಎಸ್ ಮತ್ತು ಸ್ವಲ್ಪ ಪೈಥಾನ್ ಕಲಿಯಲು ಹೇಳಿ, ಎರಡೂ ಉಚಿತ.

ಮಕ್ಕಳ ಅಡ್ಮಿಷನ್ ಗಡಿಬಿಡಿ ಇಲ್ಲದವರಿಗೂ ಒಂದು ಕೆಲಸ ಇದೆ. ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ತಾಣದಲ್ಲಿ ಹೆಸರು ನೋಂದಾಯಿಸಿದರೆ ಟೋಪೋಶೀಟ್‌ಗಳನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ನಿಮ್ಮ ಊರಿನ ಹಾಳೆ ಹುಡುಕಿ, ಕೆರೆ ಎಲ್ಲಿದೆ, ಅದಕ್ಕೆ ನೀರು ಯಾವ ಗುಡ್ಡದಿಂದ ಇಳಿಯುತ್ತದೆ, ತುಂಬಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಗೆರೆ ಹಿಡಿದು ನೋಡಿ. ಈ ಸಲ ರಜೆಗೆ ಊರಿಗೆ ಹೋದಾಗ ಆ ಗುಡ್ಡದ ಹೆಸರನ್ನು ಅಜ್ಜಂದಿರ ಹತ್ತಿರ ಕೇಳಿ ಬರೆದುಕೊಳ್ಳಿ. ಹಾಳೆಯಲ್ಲಿ ಇಲ್ಲದ ಹೆಸರು ಸಿಕ್ಕರೆ ನನಗೂ ಬರೆದು ತಿಳಿಸಿ.